ಅಸ್ಥಿಪಂಜರದ ಮೇಲೆ ಬರೆದ ಹೆಸರು

"ಇದರ ಮೇಲೆ ಏನು ಬರೆದಿದ್ದೀಯೆ, ಓದು," ಎಂದರು ಧರ್ಮಪೊಲೀಸರ ಕಚೇರಿಯ ಶೇಖ್.

ಮೇಜಿನ ಮೇಲೆ ಹನ್ನೊಂದು ಗ್ರಾಮಫೋನ್ ರೆಕಾರ್ಡುಗಳಿದ್ದವು. ಒಂದರ ಕವರಿನಲ್ಲಿ ಅಸ್ಥಿಪಂಜರಗಳು ಸ್ಮಶಾನದಲ್ಲಿ ಕುಳಿತು ಬ್ಯಾಂಡು ಬಾರಿಸುತ್ತಿದ್ದವು, ಇನ್ನೊಂದರಲ್ಲಿ ಗಿಣಿಮೂಗಿನ ಮಾಟಗಾತಿ ಹಂಡೆಯಲ್ಲಿ ಸೌಟು ತಿರುವುತ್ತಿದ್ದಳು. ಪ್ರತಿಯೊಂದರ ಮೇಲೂ ಕಪ್ಪು ಮಾರ್ಕರಿನಲ್ಲಿ ಅಬ್ದುಲ್ ಸಮದನ ದುಂಡನೆಯ ಕನ್ನಡ ಅಕ್ಷರ. ಶೇಖ್ ಅವರ ಬೆರಳು ಅಸ್ಥಿಪಂಜರಗಳ ಮೇಲಿತ್ತು. ಸಮದ್ ತನಗೆ ಗೊತ್ತಿದ್ದ ಅರಬಿಯಲ್ಲಿ, "ನಸೀಬಾ, ಸಫಿಯತ್‌ಳ ಮಗಳು," ಎಂದ. ಶೇಖ್ ತಲೆಯೆತ್ತಿ, ಚೆಕ್‌ಪೋಸ್ಟಿನಿಂದ ಇವನನ್ನು ಕರೆತಂದಿದ್ದ ಪೊಲೀಸನ ಮುಖ ನೋಡಿದರು.

ಸಮದ್ ವಿಟ್ಲದ ಕಡೆಯವನು. ಸೌದಿಯ ರಾಸ್ ತನೂರಾದ ಎಂಜಿನಿಯರುಗಳ ಕಾಲೊನಿಯಲ್ಲಿ ಹದಿನೇಳು ವರ್ಷ ಏಸಿ ರಿಪೇರಿ ಮಾಡಿ, ಸಾಕಪ್ಪಾ ಸಾಕು ಎಂದು ಊರಿಗೆ ಹೊರಟು ನಿಂತವನು. ಪಾಸ್‌ಪೋರ್ಟಿನಲ್ಲಿ ದೇಶ ಬಿಡುವ ಎಕ್ಸಿಟ್ ಮುದ್ರೆ ಬಿದ್ದಿತ್ತು. ಗುರುವಾರದ ವಿಮಾನ, ಭಾನುವಾರ ಮಗಳು ನಸೀಬಾಳ ನಿಕಾಹ್. ಮದುಮಗನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕಾದವನು ಅವನೇ. ಎರಡು ಸಲದ ರಜೆ ಬಿಟ್ಟು ಈ ದಿನಕ್ಕೆಂದೇ ದುಡ್ಡು ಉಳಿಸಿಕೊಂಡಿದ್ದ.

ರೆಕಾರ್ಡುಗಳು ಅವನ ಕೈಗೆ ಬಂದದ್ದು ಕಾಲೊನಿಯ ಅಮೆರಿಕನ್ ಎಂಜಿನಿಯರು ಡಾಯ್ಲ್ ಸಾಹೇಬರಿಂದ. ವರ್ಷಾ ವರ್ಷ ಅಕ್ಟೋಬರ್ ಮುಗಿಯುವ ದಿನ ಕಾಲೊನಿಯ ಗೋಡೆಯೊಳಗೆ ಅಮೆರಿಕದವರ ಮಕ್ಕಳು ಬೆಡ್‌ಶೀಟು ಹೊದ್ದು, ಮುಖಕ್ಕೆ ಬಣ್ಣ ಬಳಿದು, ದೆವ್ವಗಳಾಗಿ ಮನೆ ಮನೆಗೆ ಮಿಠಾಯಿ ಕೇಳಲು ಬರುತ್ತಿದ್ದರು. ಸಾಹೇಬರ ಜಗುಲಿಯಲ್ಲಿ ಈ ರೆಕಾರ್ಡು ಹಾಕುವ ಕೆಲಸ ಸಮದನದು. ಬಾಗಿಲು ಕಿರುಗುಡುವ ಸದ್ದು, ನರಿಗಳ ಊಳು, ಆಮೇಲೆ ಶವಪೆಟ್ಟಿಗೆಯೊಳಗಿನಿಂದ ಒಬ್ಬ ತನ್ನ ಅತ್ತೆ ಅಳುವುದೆಲ್ಲ ಸುಳ್ಳು ಎಂದು ದೂರು ಹೇಳುವ ಹಾಡು. ಇಂಗ್ಲಿಷು ಅರ್ಧ ತಿಳಿಯದಿದ್ದರೂ ಸಮದ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಾವು ಅಮೆರಿಕಕ್ಕೆ ಮರಳುವಾಗ ಸಾಹೇಬರು, ನೀನೇ ಇಟ್ಟುಕೋ ಎಂದು ಎಲ್ಲವನ್ನೂ ಪ್ಲೇಯರಿನ ಸಮೇತ ಕೊಟ್ಟರು. ಮದುವೆ ಮನೆಯ ಮಕ್ಕಳನ್ನು ಒಮ್ಮೆ ಹೆದರಿಸಿ ನಗಿಸಬೇಕು ಎಂಬುದು ಇವನ ಆಸೆ.

ಕವರಿನ ದಪ್ಪ ರಟ್ಟು ಕಂಡಾಗ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಹೆಂಗಸರಿಗೆ ಕೊಂಡ ಶಾಲುಗಳನ್ನು ಮಡಿಸಿ, ಒಂದೊಂದು ಕವರಿಗೆ ಒಂದೊಂದರಂತೆ ರೆಕಾರ್ಡಿನ ಜೊತೆಗೇ ತೂರಿಸಿದ. ಮಡಿಕೆ ಹಾಳಾಗದು. ಹೆಸರನ್ನಂತೂ ಬರೆಯಲೇಬೇಕು. ಗಲ್ಫಿನ ಪೆಟ್ಟಿಗೆ ಒಡೆಯುವ ದಿನ ಮನೆಯಲ್ಲಿ ಸಣ್ಣ ಯುದ್ಧವೇ ಆಗುತ್ತದೆ, ಒಂದು ಶಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ನಾದಿನಿಯರಿದ್ದಾರೆ. ಮನೆಯಲ್ಲಿ ನಸೀಬಾಗಳು ಇಬ್ಬರು, ತನ್ನ ಮಗಳೊಬ್ಬಳು, ತಮ್ಮನ ಮಗಳೊಬ್ಬಳು. ಹಾಗಾಗಿ ಒಬ್ಬಳಿಗೆ ಸಫಿಯತ್‌ಳ ಮಗಳು, ಇನ್ನೊಬ್ಬಳಿಗೆ ಝೀನತ್‌ಳ ಮಗಳು ಎಂದು ಬರೆದ. ಇಬ್ಬರಿಗೆ ಬರೆದ ಮೇಲೆ ಉಳಿದವರಿಗೆ ಯಾಕೆ ಬೇಡ ಎಂದು ಹನ್ನೊಂದು ಮಂದಿಗೂ ತಾಯಿಯ ಹೆಸರು ಸೇರಿಸಿದ.

"ಎಂತ ಮಾರಾಯ, ಈ ಹಾಳು ಚಿತ್ರಗಳನ್ನು ಕಾರ್ಗೋಗೆ ಕೊಂಡೋಗ್ತೀಯಾ?" ಎಂದಿದ್ದ ಕೋಣೆಯ ಜೊತೆಗಾರ ಅಬ್ದುಲ್ ಜಲೀಲ್. "ದಾರಿಯಲ್ಲಿ ಯಾರಾದ್ರೂ ಬಿಚ್ಚಿ ನೋಡಿದ್ರೆ?"

"ನೋಡಿದ್ರೆ ಎಂತ? ನಗ್ತಾರೆ, ಅಷ್ಟೆ."

ಕಾರ್ಗೋ ಆಫೀಸಿನ ದಾರಿಯ ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಯಾರೂ ನಗಲಿಲ್ಲ. ಈಗ ಶೇಖ್ ಸಮದನ ಮುಂದೆ ಚಹಾ ಸರಿಸಿದರು. ಗದರಿಸಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಮಗನೇ, ನಾವೆಲ್ಲ ತಂದೆಯ ಹೆಸರು ಬರೆಯುತ್ತೇವೆ. ನೀನು ತಾಯಿಯ ಹೆಸರು ಯಾಕೆ ಬರೆದೆ?"

ಸಮದ್ ಇಬ್ಬರು ನಸೀಬಾಗಳ ವಿಷಯ ಹೇಳಲು ಹೊರಟ. ಅರ್ಧ ಹೇಳುವಷ್ಟರಲ್ಲಿ ಅವನಿಗೆ ಹೊಳೆಯಿತು. ಊರಿನಲ್ಲಿ ಮಾಟ ಮಾಡುವವನೂ ಮೊದಲು ಕೇಳುವುದು ಹೆಸರು, ಆಮೇಲೆ ತಾಯಿಯ ಹೆಸರು. ತಲೆಬುರುಡೆಯ ಚಿತ್ರ, ಯಾರೂ ಓದಲಾರದ ಲಿಪಿ, ಹೆಂಗಸರ ಹೆಸರು, ಒಳಗೊಂದು ಬಟ್ಟೆ. ಅಯ್ಯೋ ದೇವರೇ, ನನ್ನ ಕೈಯಾರೆ ಎಂಥ ಕೆಲಸ ಮಾಡಿಕೊಂಡೆ ಎಂದು ಚಹಾದ ಲೋಟವನ್ನು ದೂರ ಸರಿಸಿದ. ಮಾಟದ ಕೇಸಿನಲ್ಲಿ ಸಿಕ್ಕಿ ಊರಿಗೆ ಮರಳದವರ ಸುದ್ದಿಯನ್ನು ಅವನೂ ಕೇಳಿದ್ದ. ಗುರುವಾರಕ್ಕೆ ಇನ್ನು ಎರಡೇ ದಿನ.

"ಇದು ತಮಾಷೆಯ ಹಾಡು, ಶೇಖ್. ಮಕ್ಕಳದ್ದು. ಡಾಯ್ಲ್ ಸಾಹೇಬರನ್ನು ಕೇಳಿ."

ಸಾಹೇಬರ ನಂಬರು ಬಂದ್ ಆಗಿತ್ತು. ಅವರು ನಿನ್ನೆಯೇ ವಿಮಾನ ಹತ್ತಿದ್ದರು.

"ತಮಾಷೆಯಾದರೆ ನಾವೂ ಕೇಳೋಣ," ಎಂದರು ಶೇಖ್.

ಪೊಲೀಸ್ ಪ್ಲೇಯರಿನ ವಯರು ಚುಚ್ಚಿದ. ಸಮದನೇ ಮುಳ್ಳು ಇಳಿಸಿದ. ಬಾಗಿಲು ಕಿರುಗುಟ್ಟಿತು. ನರಿ ಊಳಿಟ್ಟಿತು. ಒಬ್ಬಳು ಚೀರಿದಳು. ಶವಪೆಟ್ಟಿಗೆಯವನು ಗೊಗ್ಗರು ದನಿಯಲ್ಲಿ ಶುರುಮಾಡಿದಾಗ ಪೊಲೀಸ್ ಎರಡು ಹೆಜ್ಜೆ ಹಿಂದೆ ಸರಿದು ಏನೋ ಪಠಿಸತೊಡಗಿದ. ಶೇಖ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಇಷ್ಟು ವರ್ಷ ನಗು ತರಿಸಿದ್ದ ಹಾಡು ಸಮದನಿಗೆ ಇಂದು ನಿಜವಾಗಿಯೂ ಹೆಣದ ಬಾಯಿಂದ ಬಂದಂತೆ ಕೇಳಿಸಿತು. ನಿಲ್ಲಿಸಲು ಕೈ ಚಾಚಿದ. "ಮುಗಿಯಲಿ," ಎಂದರು ಶೇಖ್.

ಆಗಲೇ ಮೇಜಿನ ಮೇಲಿದ್ದ ಸಮದನ ಫೋನು ರಿಂಗಾಯಿತು. ಪರದೆಯ ಮೇಲೆ ಕನ್ನಡದಲ್ಲಿ ಹೆಸರು. ಶೇಖ್ ಅದನ್ನು ಎತ್ತಿ, ಅಸ್ಥಿಪಂಜರದ ಕವರಿನ ಪಕ್ಕದಲ್ಲಿ ಹಿಡಿದು, ಒಂದೊಂದೇ ಅಕ್ಷರ ಹೋಲಿಸಿ ನೋಡಿದರು.

"ಇವಳೇನಾ?"

"ನನ್ನ ಮಗಳು."

ಅವರು ಸ್ಪೀಕರ್ ಒತ್ತಿದರು.

"ಉಪ್ಪಾ, ಬಾಕ್ಸ್ ಹೋಯ್ತಾ?" ನಸೀಬಾಳ ದನಿಯ ಹಿಂದೆ ಪಾತ್ರೆಗಳ ಸದ್ದು, ಹೆಂಗಸರ ಮಾತು. "ನನ್ನ ಹೆಸರು ದೊಡ್ಡದು ಮಾಡಿ ಬರ್ದಿದ್ದೀರಲ್ಲ? ಇಲ್ಲದಿದ್ರೆ ಆ ನಸೀಬಾ ಎತ್ಕೊಂಡು ಹೋಗ್ತಾಳೆ."

ರೆಕಾರ್ಡಿನಲ್ಲಿ ಮಾಟಗಾತಿ ಗಹಗಹಿಸತೊಡಗಿದಳು.

"ಅಲ್ಲಿ ಯಾರುಪ್ಪಾ ನಗೋದು?" ಎಂದು ನಸೀಬಾ ತಾನೂ ನಕ್ಕಳು.

"ಏನು ಕೇಳುತ್ತಿದ್ದಾಳೆ?" ಎಂದರು ಶೇಖ್.

"ಅವಳ ಹೆಸರು ಬರೆದಿದ್ದೇನಾ ಅಂತ."

"ಉತ್ತರ ಹೇಳು."

ಸಮದ್ ಫೋನಿನತ್ತ ಬಾಗಿದ. "ಬರ್ದಿದ್ದೇನೆ ಮಗಾ," ಎಂದು ತಲೆಯಾಡಿಸಿದ.

ಶೇಖ್ ತಪ್ಪೊಪ್ಪಿಗೆ ಬರೆದುಕೊಳ್ಳುವ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.