ತೋರುಬೆರಳಿನ ರಾಜ

ನನ್ನಷ್ಟು ನಾಟಕ ಬಲ್ಲವರು ಈ ಜಗತ್ತಿನಲ್ಲಿ ಇನ್ನೊಬ್ಬರಿದ್ದರೆ ಅವರು ಸತ್ತಿರಬೇಕು, ಇಲ್ಲವೇ ಸುಳ್ಳು ಹೇಳುತ್ತಿರಬೇಕು. ನಲವತ್ತೆರಡು ಹಳೆಯ ನಾಟಕಗಳು ನನಗೆ ಬಾಯಿಪಾಠ. ರಾಜನ ಮಾತು, ರಾಣಿಯ ಮಾತು, ಬಾಗಿಲ ಬಳಿ ಬಂದು 'ಅಪ್ಪಣೆ' ಎಂದಷ್ಟೇ ಹೇಳಿ ಹೋಗುವ ಸೇವಕನ ಮಾತು, ಎಲ್ಲವೂ ಅಲ್ಪವಿರಾಮದ ಸಮೇತ. ಇಪ್ಪತ್ತಾರು ವರ್ಷ ನಾನು ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದೆ. ರಂಗದ ಅಂಚಿನಲ್ಲಿ, ಪ್ರೇಕ್ಷಕರಿಗೆ ಕಾಣದ ಹಾಗೆ, ನೆಲದೊಳಗೆ ಒಂದು ಮರದ ಗೂಡು. ಅದರೊಳಗೆ ಕುಳಿತು, ನಟರು ಮಾತು ಮರೆತಾಗ ಪಿಸುಗುಟ್ಟಿ ನೆನಪಿಸುವುದು ನನ್ನ ಕೆಲಸ. ಕಂಪನಿಯವರೆಲ್ಲ ನನ್ನನ್ನು 'ಡಬ್ಬಿ' ಎಂದು ಕರೆಯುತ್ತಿದ್ದರು. ಕರೆಯಲಿ. ನನ್ನ ಪಿಸುಮಾತು ಹನ್ನೊಂದು ಜನ ನಟರ ನಡುವೆ ಬೇಕಾದವನ ಕಿವಿಗೇ, ಅದೂ ಅವನ ಚೆನ್ನಾಗಿ ಕೇಳಿಸುವ ಕಿವಿಗೇ ಹೋಗಿ ಬೀಳುತ್ತಿತ್ತು.

ಆ ಕಸುಬಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರು ಯಾವ ಮಾತು ಮರೆತರು ಎಂಬುದು ಗೂಡು ಬಿಟ್ಟು ಹೊರಗೆ ಬರಬಾರದು. ಹೆಂಡತಿಗೂ ಹೇಳುವಂತಿಲ್ಲ. ಈ ಕಟ್ಟಳೆಗೆ ಹೆದರಿಯೇ ನಾನು ಮದುವೆಯಾಗಲಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಹೆಣ್ಣು ಕೊಡುವವರು ಬರಲಿಲ್ಲ ಎಂಬುದು ಅತ್ತಿಗೆಯ ವಾದ.

ಅಣ್ಣ ಅದೇ ಕಂಪನಿಯ ದೊಡ್ಡ ನಟ. ಅತ್ತಿಗೆ ಅಲ್ಲಿಯೇ ವೇಷದ ಬಟ್ಟೆ ಹೊಲಿಯುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಅತ್ತಿಗೆ ಒಂದು ಪುಟ್ಟ ಹೊಲಿಗೆ ಅಂಗಡಿ ಹಾಕಿದರು. ಹೊಸದು ಹೊಲಿಯುವುದಿಲ್ಲ, ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು. ಮುಂದಿನ ಕೋಣೆಯಲ್ಲಿ ಅವರ ಯಂತ್ರ, ನನ್ನ ಇಸ್ತ್ರಿ ಮೇಜು. ಹಿಂದಿನ ಕೋಣೆಯಲ್ಲಿ ಅಣ್ಣ. ಗಂಟಲಿನ ಆಪರೇಷನ್ ಆದಮೇಲೆ ಅವನ ಧ್ವನಿ ಹೋಗಿ, ಕಾಗದದ ಮೇಲೆ ಕೈ ಸವರಿದಂಥ ಒಂದು ಸದ್ದು ಮಾತ್ರ ಉಳಿದಿತ್ತು. ಸಾವಿರ ಜನರ ಕೊನೆಯ ಸಾಲಿಗೆ ಮೈಕಿಲ್ಲದೆ ಮುಟ್ಟುತ್ತಿದ್ದವನು ಈಗ ಕಿಟಕಿಯ ಬಳಿ ಕುಳಿತು, ಹರಿತವಾದ ಸಣ್ಣ ಕತ್ತರಿಯಿಂದ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತಿದ್ದ.

ಬೆರಳಗೊಂಬೆಗಳು ಹುಟ್ಟಿದ್ದು ಯಾರೋ ಬಿಟ್ಟುಹೋದ ಉಣ್ಣೆಯ ಕೈಗವಸಿನಿಂದ. ಒಂದೇ ಕೈಯದು, ಯಾರಿಗೂ ಬೇಡವಾದದ್ದು. ಅದರ ಐದು ಬೆರಳುಗಳನ್ನೂ ಕತ್ತರಿಸಿ, ತುದಿಗೆ ಹತ್ತಿ ತುಂಬಿ, ಮಣಿಯ ಕಣ್ಣು ಹೊಲಿಯಿರಿ ಎಂದು ಅತ್ತಿಗೆಗೆ ಕೊಟ್ಟೆ. ಆಮೇಲೆ ನೋಡಿ, ಇಡೀ ರಾಜ್ಯವೇ ಎದ್ದು ನಿಂತಿತು. ಕಿರೀಟಕ್ಕೆ ಹಿತ್ತಾಳೆಯ ಟಿಚ್ ಬಟನ್. ಸೈನಿಕರಿಗೆ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೊಪ್ಪಿಗೆಯೇ ಶಿರಸ್ತ್ರಾಣ. ಕೋಟೆಯ ಬಾಗಿಲು ಬೇಕೆಂದಾಗ ಅತ್ತಿಗೆ ಪರದೆಯ ನಡುವೆ ಒಂದು ಉದ್ದನೆಯ ಜಿಪ್ಪನ್ನೇ ಹೊಲಿದುಬಿಟ್ಟರು.

ಭಾನುವಾರ ಮಧ್ಯಾಹ್ನ ಕತ್ತರಿಸುವ ಮೇಜಿಗೆ ಪರದೆ ಕಟ್ಟಿ ಆಟ. ಹಳೆಯ ನಾಟಕವನ್ನು ಮುಕ್ಕಾಲು ಗಂಟೆಗೆ ಇಳಿಸಿ, ನಾನೇ ಹತ್ತು ಬೆರಳಿಗೆ ಹತ್ತು ಗಂಟಲಾಗಿ ಹೇಳುತ್ತಿದ್ದೆ. ಮೊದಲ ವಾರ ಆರು ಜನ. ಎರಡನೆಯ ತಿಂಗಳಿಗೆ ಅಂಗಡಿಯಲ್ಲಿ ಸೂಜಿ ಬಿದ್ದರೆ ನೆಲ ಸೇರುವಷ್ಟು ಜಾಗವಿರಲಿಲ್ಲ. ಇಪ್ಪತ್ತು ಕುರ್ಚಿ ಎಂದು ಅತ್ತಿಗೆ ಲೆಕ್ಕ ಹೇಳುತ್ತಾರೆ; ಅವರಿಗೆ ಕಲ್ಪನೆ ಕಡಿಮೆ. ಎದುರಿನ ಬೀಗ ರಿಪೇರಿಯವನು ಮುಂದಿನ ಸಾಲು ಬಿಡುತ್ತಿರಲಿಲ್ಲ. ಪಕ್ಕದ ಹಲ್ಲಿನ ಡಾಕ್ಟರಮ್ಮ ಅತ್ತು ಅತ್ತು ನನ್ನ ಇಸ್ತ್ರಿ ಬಟ್ಟೆಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಸೋಮವಾರ ಅಣ್ಣ ಹಿಂದಿನ ಕೋಣೆಯಿಂದ ಎದ್ದು ಬಂದ. ಕೈಯಲ್ಲಿ ರಾಜನ ಗೊಂಬೆ.

"ಡಬ್ಬಿ, ಕೋಟೆಯ ನಾಟಕ ಮಾಡೋಣ್ವಾ?" ಎಂದ. ಕೇಳಿಸಿಕೊಳ್ಳಲು ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಬೇಕಾಯಿತು. "ಬೆರಳು ನಂದು, ಮಾತು ನಿಂದು. ಒಂದೇ ಒಂದು ಸಲ. ಆ ರಾಜನ್ನ ಇನ್ನೊಂದು ಸಲ ನಿಲ್ಲಿಸಬೇಕು ನಾನು."

ಕೋಟೆಯ ನಾಟಕ ಎಂದರೆ ಅಣ್ಣ. ಅಣ್ಣ ಎಂದರೆ ಕೋಟೆಯ ನಾಟಕ. ಅದರಲ್ಲಿ ಒಬ್ಬ ಮುದಿರಾಜ, ಕತ್ತಲಾದ ಮೇಲೆ ಯಾರು ಬಂದರೂ ಬಾಗಿಲು ತೆಗೆಯಬಾರದು ಎಂದು ಕಾನೂನು ಮಾಡುತ್ತಾನೆ. ಕೊನೆಗೆ ಹೊರಗೆ ಸಿಕ್ಕಿಕೊಂಡವಳು ಅವನ ಮಗಳೇ. ಹೊರಗೆ ಅವಳ ಕೂಗು, ಒಳಗೆ ಅವನ ಕಾನೂನು. ರಾಜ ಬಾಗಿಲ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತಾನೆ. ಬಹಳ ಹೊತ್ತು ನಿಲ್ಲುತ್ತಾನೆ. ಆಮೇಲೆ ಎರಡೇ ಪದ: "ಬಾಗಿಲು ತೆಗೆಯಿರಿ." ಆ ನಿಲುವಿನಲ್ಲಿ ಅಣ್ಣ ಎಷ್ಟು ಹೊತ್ತು ಸುಮ್ಮನಿರುತ್ತಿದ್ದ ಎಂದರೆ, ಒಂದು ಸಲ ಮುಂದಿನ ಸಾಲಿನ ಮಗುವಿಗೆ ಹಲ್ಲು ಬಂದಿತ್ತು; ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿದ್ದೇನೆ. ಆ ಮೌನವನ್ನು ನೋಡಲೆಂದೇ ಜನ ಬರುತ್ತಿದ್ದರು. ಪತ್ರಿಕೆಗಳು ಅದನ್ನೇ ಬರೆಯುತ್ತಿದ್ದವು. ಹತ್ತೊಂಬತ್ತು ವರ್ಷ.

ಆ ಮೌನದ ಹುಟ್ಟು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದುಕೊಂಡಿದ್ದೆ. ಮೊದಲ ಆಟದ ಮಧ್ಯಾಹ್ನ ಅಣ್ಣ ಆ ಎರಡು ಪದ ಮರೆತಿದ್ದ. ನಾನು ಗೂಡಿನಿಂದ ಮೂರು ಸಲ ಹೇಳಿಕೊಟ್ಟೆ. ಮೂರನೆಯದು ಅವನ ಕಿವಿಗೆ ಬಿತ್ತು. ಜನ ಅದನ್ನು ಅಭಿನಯ ಎಂದು ಚಪ್ಪಾಳೆ ತಟ್ಟಿದರು. ಅವನು ಆ ಚಪ್ಪಾಳೆಯನ್ನು ಜೇಬಿಗಿಳಿಸಿ, ಅಂದಿನಿಂದ ಪ್ರತಿ ಆಟದಲ್ಲೂ ಅದನ್ನೇ ಮಾಡಿದ. ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೆ ಎಂದರೆ, ಅದೂ ಬಾಯಿಪಾಠವಾಗಿತ್ತು.

ಆ ವಾರವೆಲ್ಲ ಅಭ್ಯಾಸ. ಅಣ್ಣನ ತೋರುಬೆರಳು ಪರದೆಯ ಮೇಲೆ ಬಂದರೆ ನನ್ನ ಒಂಬತ್ತು ಬೆರಳೂ ಬರೀ ಬೆರಳಾಗಿ ಕಾಣುತ್ತಿದ್ದವು. ಇದೊಂದು ವಿಷಯದಲ್ಲಿ ನಾನು ಉಪ್ಪು ಖಾರ ಸೇರಿಸುತ್ತಿಲ್ಲ. ಅವನು ಬೆರಳಿನ ನಡುಗೆಣ್ಣನ್ನು ಒಂದಿಷ್ಟು ಬಾಗಿಸಿದರೆ ರಾಜನ ಬೆನ್ನಿಗೆ ಎಪ್ಪತ್ತು ವರ್ಷ ಬರುತ್ತಿತ್ತು. ಅತ್ತಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಶನಿವಾರ ಅಣ್ಣ ಕ್ಷೌರ ಮಾಡಿಸಿಕೊಂಡು ಬಂದ.

"ಪರದೆ ಹಿಂದೆ ಕೂರೋನಿಗೆ ಕ್ಷೌರ ಯಾಕೋ?" ಎಂದೆ.

"ರಾಜನಿಗೆ ಗೊತ್ತಾಗುತ್ತೆ," ಎಂದ.

ಭಾನುವಾರ ಜನ ಬಾಗಿಲಾಚೆ ಬೀದಿಯವರೆಗೂ ನಿಂತಿದ್ದರು. ಅಣ್ಣನ ಹಳೆಯ ಆಟ ನೋಡಿದ್ದವರೂ ಬಂದಿದ್ದರು. ನಾಟಕ ಹೂವೆತ್ತಿದ ಹಾಗೆ ಸಾಗಿತು. ಮಂತ್ರಿಗೆ ನನ್ನ ಧ್ವನಿ, ಮಗಳಿಗೆ ನನ್ನ ಧ್ವನಿ, ರಾಜನಿಗೂ ನನ್ನದೇ. ಆದರೆ ಒಬ್ಬರಾದರೂ ನನ್ನ ಧ್ವನಿಯನ್ನು ಕೇಳುತ್ತಿದ್ದರೇ? ಎಲ್ಲರ ಕಣ್ಣೂ ಆ ಒಂದು ಬೆರಳಿನ ಮೇಲೆ.

ಕೊನೆಯ ದೃಶ್ಯ. ಮಗಳು ಜಿಪ್ಪಿನ ಆಚೆ ಕೂಗಿದಳು. ರಾಜ ಬಾಗಿಲ ಕಡೆ ತಿರುಗಿ ನಿಂತ.

ನಿಂತೇ ನಿಂತ. ಡಾಕ್ಟರಮ್ಮ ಇಸ್ತ್ರಿ ಬಟ್ಟೆಗೆ ಕೈ ಹಾಕಿದ್ದು ಪರದೆಯ ಸಂದಿಯಿಂದ ಕಂಡಿತು. ಇಪ್ಪತ್ತಾರು ವರ್ಷ ನೆಲದೊಳಗೆ ಕುಳಿತವನು ನಾನು. ಈಗ ಧ್ವನಿಯೂ ನಂದೇ, ಆದರೂ ಮೌನಕ್ಕೇ ಮರ್ಯಾದೆಯೇ? ನನ್ನ ಹೆಬ್ಬೆರಳು ತಾನಾಗಿ ಮೇಜಿನ ಅಂಚಿನಿಂದ ಮೇಲೆದ್ದಿತು. ಗೊಂಬೆಯಿಲ್ಲ, ಬರೀ ಹೆಬ್ಬೆರಳು.

"ಯಾಕಣ್ಣ, ಮರೆತುಬಿಟ್ಯಾ?" ಎಂದು ಅದು ರಾಜನನ್ನು ಕೇಳಿತು. "ನಾನು, ನಿನ್ನ ಡಬ್ಬಿ. ಮೊದಲನೇ ಆಟದಲ್ಲೂ ಮೂರು ಸಲ ಹೇಳಿಕೊಟ್ಟಿದ್ದೆನಲ್ಲ. ಎರಡೇ ಪದ ಕಣೋ. ಕೇಳಿ ಸ್ವಾಮಿ, ಇವರ ಆ ದೊಡ್ಡ ಮೌನ ಇದೆಯಲ್ಲ, ಅದು ಮರೆವು."

ಮೊದಲು ಬೀಗದವನು ನಕ್ಕ. ಅವನ ಹಿಂದೆ ಇಡೀ ಅಂಗಡಿ ನಕ್ಕಿತು. ಅಣ್ಣನ ಹಳೆಯ ಪ್ರೇಕ್ಷಕರು ಎಲ್ಲರಿಗಿಂತ ಹೆಚ್ಚು ನಕ್ಕರು. ಅಂಥ ನಗುವನ್ನು ನಾನು ನನ್ನ ಜನ್ಮದಲ್ಲಿ ಸಂಪಾದಿಸಿರಲಿಲ್ಲ. ಗಾಜು ನಡುಗಿತು ಎಂದರೆ ನಂಬಿ.

ಅಣ್ಣ ಕೈ ಹಿಂದೆಗೆಯಲಿಲ್ಲ. ನಗು ನಿಲ್ಲುವವರೆಗೂ ರಾಜನನ್ನು ಹಾಗೆಯೇ ನಿಲ್ಲಿಸಿದ್ದ. ಆಮೇಲೆ ನನ್ನತ್ತ ನೋಡಿದ. ರಾಜನ ಮಾತು ಹೇಳು ಎಂಬ ನೋಟ. "ಬಾಗಿಲು ತೆಗೆಯಿರಿ," ಎಂದೆ. ಅವನೇ ಇನ್ನೊಂದು ಕೈಯಿಂದ ಜಿಪ್ ಎಳೆದ. ಗೊಂಬೆಯನ್ನು ಬೆರಳಿನಿಂದ ಕಳಚಿ, ಮುದುರಿದ್ದನ್ನು ಸರಿಮಾಡಿ, ಇಸ್ತ್ರಿ ಮೇಜಿನ ಮೇಲಿಟ್ಟು ಹಿಂದಿನ ಕೋಣೆಗೆ ಹೋದ.

ಜನ ಹೋದ ಮೇಲೆ ಅತ್ತಿಗೆ ಕುರ್ಚಿ ಮಡಚುತ್ತ ಕೇಳಿದರು: "ಮೂರು ಸಲ ಹೇಳಿಕೊಟ್ಯಾ?"

"ಮೂರೇ ಯಾಕೆ, ನಾಲ್ಕು."

"ಆವತ್ತು ರಂಗದ ಪರದೆ ಪಕ್ಕದಲ್ಲಿ ನಿಂತಿದ್ದವಳು ನಾನಪ್ಪ. ನಿನ್ನ ಗೊರಕೆ ನನಗೆ ಕೇಳಿಸ್ತಿತ್ತು."

ನಾನು ನಗಲು ನೋಡಿದೆ. ಅತ್ತಿಗೆ ನಗಲಿಲ್ಲ.

"ನೀನು ಮಧ್ಯಾಹ್ನ ಊಟ ಬಾರಿಸಿ ಗೂಡಿಗೆ ಇಳಿದಿದ್ದೆ. ನಿಮ್ಮಣ್ಣ ಮರೆತಿದ್ದು ನಿಜ. ನಿನ್ನ ಕಡೆ ನೋಡಿದ್ರು, ನೋಡಿದ್ರು, ನೀನು ಬಾಯಿ ಬಿಟ್ಟುಕೊಂಡು ಮಲಗಿದೀಯ. ಕೊನೆಗೆ ನಾನೇ ತುಟಿ ಆಡಿಸಿ ತೋರಿಸಿದೆ. ನೀನು ಎದ್ದಿದ್ದೇ ಚಪ್ಪಾಳೆ ಸದ್ದಿಗೆ."

"ಅತ್ತಿಗೆ, ಸುಮ್ನೆ ಏನೇನೋ..."

"ಕಂಪನಿ ಯಜಮಾನರು ಆವತ್ತೇ ನಿನ್ನ ಪೆಟ್ಟಿಗೆ ಬೀದಿಗೆ ಹಾಕಿಸೋಕೆ ಹೊರಟಿದ್ರು. ಇವರು ಅಡ್ಡ ನಿಂತು, 'ನಾನೇ ಅವನಿಗೆ ಹೇಳಿಕೊಡಬೇಡ ಅಂದಿದ್ದೆ, ಅದು ರಾಜನ ಮೌನ' ಅಂದ್ರು. 'ಹಾಗಾದ್ರೆ ದಿನಾ ಮಾಡಿ ತೋರಿಸು' ಅಂದ್ರು ಯಜಮಾನರು. ತೋರಿಸಿದ್ರು. ನಿನ್ನ ಅನ್ನ ಉಳಿಸೋಕೆ ಶುರುಮಾಡಿದ್ದು. ಮಾಡ್ತಾ ಮಾಡ್ತಾ ಅದು ನಿಜವಾಗ್ಲೂ ರಾಜಂದೇ ಆಯ್ತು." ಕೊನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಿನಗೆ ಹೇಳಬೇಡ ಅಂತ ಅವರು ನನ್ನ ಬಾಯಿ ಕಟ್ಟಿದ್ರು. ಅದೂ ಇವತ್ತಿಗೆ ಮುಗೀತು."

ಪಶ್ಚಾತ್ತಾಪದಲ್ಲೂ ನಾನು ಯಾರಿಗೂ ಕಡಿಮೆಯಿಲ್ಲ. ಆ ವಾರ ನಾಲ್ಕು ಅಂಗಿ ಸುಟ್ಟೆ. ಒಂದೇ ಎಂದರೆ ನನಗೇ ಸಮಾಧಾನವಿಲ್ಲ. ಅಣ್ಣ ಎಂದಿನಂತೆ ಬಂದ, ಎಂದಿನಂತೆ ಕುಳಿತ, ಬಿಚ್ಚಿದ ಬಟ್ಟೆಯನ್ನು ಎಂದಿನಂತೆ ನನ್ನ ಮೇಜಿಗೆ ತಂದಿಟ್ಟ. 'ಡಬ್ಬಿ' ಎಂದು ಮಾತ್ರ ಕರೆಯಲಿಲ್ಲ.

ಮುಂದಿನ ಭಾನುವಾರ ನಾನು ಗೊಂಬೆ ಹಾಕಿಕೊಳ್ಳದೆ ಪರದೆಯ ಮುಂದೆ ನಿಂತೆ. ಬಾಗಿದ ತಲೆಯನ್ನು ಎತ್ತದೆ ಎಲ್ಲವನ್ನೂ ಹೇಳಿದೆ. ಊಟ, ನಿದ್ದೆ, ಗೊರಕೆ, ಯಜಮಾನರು, ಅಣ್ಣ ಹೇಳಿದ ಸುಳ್ಳು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಹಿಂದಿನ ಕೋಣೆಯ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದೆ.

ಬೀಗದವನು ತೊಡೆ ತಟ್ಟಿಕೊಂಡು ನಕ್ಕ. "ಡಬ್ಬಿಯಣ್ಣ, ಹೋದ ವಾರದ್ದಕ್ಕಿಂತ ಇದು ಭರ್ಜರಿ."

"ಇದು ನಿಜ ಮಾರಾಯ," ಎಂದೆ.

"ಹಲ್ಲು ಬಂದ ಮಗುವಿನ ಹಾಗೇ ನಿಜ, ಅಲ್ವಾ?" ಎಂದರು ಡಾಕ್ಟರಮ್ಮ. ಮತ್ತೆ ನಗು. ನಾನು ಆಣೆ ಇಟ್ಟಷ್ಟೂ ಅವರಿಗೆ ನಗು ಜಾಸ್ತಿ. ಕೊನೆಗೆ ಅತ್ತಿಗೆ ಎದ್ದು, ಇವತ್ತು ಇಷ್ಟೇ ಎಂದು ಎಲ್ಲರನ್ನೂ ಕಳಿಸಿದರು.

ನಾನು ಹಿಂದಿನ ಕೋಣೆಗೆ ಹೋದೆ. ಅಣ್ಣ ಒಂದು ಕೋಟಿನ ತೋಳಿನ ಹೊಲಿಗೆ ಬಿಚ್ಚುತ್ತಿದ್ದ. ತಲೆಯೆತ್ತದೆಯೇ ಮಾತಾಡಿದ; ನಾನು ಅವನ ಬಾಯಿಯ ಹತ್ತಿರಕ್ಕೆ ಬಗ್ಗಬೇಕಾಯಿತು.

"ಹತ್ತೊಂಬತ್ತು ವರ್ಷ ಅದು ರಾಜನ ಮೌನ ಆಗಿತ್ತು. ಹೋದ ವಾರ ಮರೆವಾಯ್ತು. ಇವತ್ತು ಜೋಕಾಯ್ತು. ಇದನ್ನೂ ಹೇಳಬಾರದಿತ್ತು ನೀನು."

"ಇನ್ನೊಂದು ಸಲ ಮಾಡೋಣ ಅಣ್ಣ. ನಾನು ಬಾಯಿ ಮುಚ್ಚಿಕೊಂಡಿರ್ತೀನಿ."

"ನಾನು ಎಷ್ಟು ಹೊತ್ತು ನಿಂತರೂ ಅವರು ಈಗ ನಿನ್ನ ಹೆಬ್ಬೆರಳಿಗೇ ಕಾಯ್ತಾರೆ," ಎಂದ. ಕತ್ತರಿಯ ತುದಿಯಿಂದ ಒಂದು ದಾರವನ್ನು ಎತ್ತಿ ಎಳೆದ. ತೋಳು ಕೋಟಿನಿಂದ ಬೇರೆಯಾಗಿ ಅವನ ತೊಡೆಯ ಮೇಲೆ ಬಿತ್ತು.

"ತಪ್ಪಾಯ್ತು," ಎಂದೆ.

"ಹೂಂ," ಎಂದ.

ಅಷ್ಟೇ. ಇರುವೆಯನ್ನು ಆನೆ ಮಾಡಿ ಹೊಟ್ಟೆ ಹೊರೆದವನು ನಾನು. ಅಂದಿನಿಂದ ಆ ಒಂದು 'ಹೂಂ' ಅನ್ನು ಹಿಡಿದು ಎಳೆಯುತ್ತಲೇ ಇದ್ದೇನೆ. ಎಷ್ಟು ಎಳೆದರೂ ಅದು ಕ್ಷಮೆಯಷ್ಟು ಉದ್ದ ಬರುತ್ತಿಲ್ಲ.