ರಿಪೆಕಾ ಕೊಟ್ಟ ಎರಡನೆಯ ಹೇಳಿಕೆ

ಶುಕ್ರವಾರ ಬೆಳಿಗ್ಗೆ ರಿಪೆಕಾಳ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಬೆಟ್ಟದ ದಾರಿ ಹಿಡಿಯುವವರಿಗೆ ಅದೇ ಕೊನೆಯ ಅಂಗಡಿ. ಬ್ರೆಡ್ಡು, ಪೆಟ್ರೋಲು, ಬಿಸಿ ಮಾಂಸದ ಪೈ, ಇವುಗಳ ಜೊತೆಗೆ ಬಾಡಿಗೆಗೆ ಬೀಕನ್ನುಗಳು. ಅಂಗೈಯಲ್ಲಿ ಹಿಡಿಯುವ ಹಳದಿ ಯಂತ್ರ ಅದು. ಗುಂಡಿ ಒತ್ತಿದರೆ ಕರೆ ಉಪಗ್ರಹಕ್ಕೆ ಹೋಗಿ ಅಲ್ಲಿಂದ ರಕ್ಷಣಾ ಕಚೇರಿಗೆ ಮುಟ್ಟುತ್ತದೆ. ಒತ್ತಿದವರು ಎಲ್ಲಿದ್ದಾರೆಂದು ಅದು ಹೇಳುತ್ತದೆ. ಏಕೆ ಒತ್ತಿದರೆಂದು ಹೇಳುವುದಿಲ್ಲ.

ಆಕ್ಲೆಂಡಿನಿಂದ ಗೆಳೆಯನೊಡನೆ ಬಂದಿದ್ದ ಟ್ಯಾಮ್ಸಿನ್ ಎಂಬ ಹುಡುಗಿ ಅದನ್ನು ತಿರುಗಿಸಿ ನೋಡಿದಳು.

"ಇದನ್ನ ಯಾವಾಗ ಒತ್ಬೇಕು ಆಂಟಿ?"

"ಏನೇ ತೊಂದರೆ ಆದ್ರೂ ಒತ್ತು ಮಗಳೇ. ಬಂದೇ ಬರ್ತಾರೆ," ಎಂದಳು ರಿಪೆಕಾ. ಎಲ್ಲರಿಗೂ ಅವಳು ಹೇಳುತ್ತಿದ್ದುದು ಅಷ್ಟೇ.

ಪಕ್ಕದಲ್ಲಿ ಪೈ ತಿನ್ನುತ್ತಿದ್ದ ಅವಳ ತಮ್ಮ ರಾವಿರಿ ಹುಡುಕಾಟ ತಂಡದ ಸ್ವಯಂಸೇವಕ. ಅವರಿಬ್ಬರೂ ಹೊರಟ ಮೇಲೆ ಅವನು ಅಕ್ಕನನ್ನು ಅಣಕಿಸಿದ.

"ಬಂದೇ ಬರ್ತಾರಂತೆ! ಬರೋನು ನಾನು ಕಣಕ್ಕಾ. ನಿಂಗೇನು, ಕೂತಲ್ಲೇ ಕಳಿಸ್ತೀಯ."

"ಹೊಟ್ಟೆ ನೋಡ್ಕೋ ನಿಂದು. ಹೋಗಿ ಬಂದ್ರೆ ಸ್ವಲ್ಪ ಕರಗುತ್ತೆ."

"ತಮಾಷೆ ಅಲ್ಲ. ಎಷ್ಟು ದಿನದ ಊಟ ಇಟ್ಕೊಂಡಿದೀರಿ ಅಂತಾದ್ರೂ ಕೇಳು. ದೊಡ್ಡ ಮಳೆ ಇದೆ ಅಂತಿದ್ದಾರೆ."

"ಹಾಗೆಲ್ಲ ಕೇಳಿದ್ರೆ ಪಕ್ಕದೂರಿಗೆ ಹೋಗಿ ತಗೋತಾರೆ."

ಮಳೆ ಬಂತು. ನದಿ ಏರಿದರೆ ದಾರಿಯಲ್ಲಿ ಚಾರಣಿಗರಿಗೆಂದು ಕಟ್ಟಿದ ಗುಡಿಸಲಲ್ಲೇ ಕೂತು ಅದು ಇಳಿಯುವವರೆಗೆ ಕಾಯುವುದು ಆ ಬೆಟ್ಟಗಳ ರೂಢಿ. ಟ್ಯಾಮ್ಸಿನ್ ಮತ್ತು ಗೆಳೆಯ ಇದ್ದ ಗುಡಿಸಲಿಗೆ ಗಟ್ಟಿ ಸೂರಿತ್ತು, ಒಲೆಯಿತ್ತು, ಒಣಗಿದ ಕಟ್ಟಿಗೆಯಿತ್ತು. ಆದರೆ ತಂದ ಊಟ ಭಾನುವಾರ ಬೆಳಿಗ್ಗೆಗೇ ಮುಗಿದಿತ್ತು. ಸೋಮವಾರ ಅವರ ವಿಮಾನ. ಗುಂಡಿ ಒತ್ತಿದರು.

ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಏಳಲಿಲ್ಲ. ರಾವಿರಿಯೂ ಸೇರಿ ಹುಡುಕಾಟ ತಂಡದ ನಾಲ್ವರು ನಡೆದು ಹೊರಟರು. ಮೇಲೆ ಯಾರದೋ ಪ್ರಾಣ ಹೋಗುತ್ತಿದೆ ಎಂದುಕೊಂಡು, ನೀರಿಳಿಯುವವರೆಗೆ ಕಾಯಬೇಕಾಗಿದ್ದ ಹಳ್ಳವನ್ನು ಕಾಯದೆ ದಾಟಿದರು. ಮೂವರು ದಡ ಸೇರಿದರು. ರಾವಿರಿಯ ದೇಹ ಸಿಕ್ಕಿದ್ದು ಮರುದಿನ, ಬಹಳ ಕೆಳಗೆ.

ಮಣ್ಣು ಮಾಡಿದ ವಾರದಲ್ಲೇ ಪೊಲೀಸ್ ಠಾಣೆಯ ಗ್ರೇಮ್ ಸಾವಿನ ವಿಚಾರಣೆಗಾಗಿ ಹೇಳಿಕೆ ಕೇಳಿದ. ಬಾಡಿಗೆಗೆ ಕೊಡುವಾಗ ಏನು ಹೇಳಿದಿರಿ? "ಪ್ರಾಣಾಪಾಯವಿದ್ದರೆ ಮಾತ್ರ ಒತ್ತಬೇಕೆಂದು ಸ್ಪಷ್ಟವಾಗಿ ತಿಳಿಸಿದ್ದೆ" ಎಂದು ರಿಪೆಕಾ ಬರೆದಳು. ರಾವಿರಿಯ ಹೆಂಡತಿ ಕಿರಿ ಅದನ್ನು ಓದಿ ಅವಳನ್ನು ಬಿಗಿದಪ್ಪಿಕೊಂಡಳು.

"ನೀವು ಹೇಳಿದ್ರಿ ಅಕ್ಕಾ. ಆ ಪೀಡೆಗಳು ಕೇಳ್ಲಿಲ್ಲ."

ರಿಪೆಕಾಳಿಗೆ ತನ್ನವರೆಂದು ಉಳಿದದ್ದು ಕಿರಿ ಒಬ್ಬಳೇ. ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ಒಬ್ಬಳು ಅತ್ತಾಗ ಇನ್ನೊಬ್ಬಳು ಹಾಡನ್ನು ಮುಂದುವರಿಸುತ್ತಿದ್ದಳು.

ವಿಚಾರಣೆಗೆ ವಾರವಿರುವಾಗ ಟ್ಯಾಮ್ಸಿನ್ ಅಂಗಡಿಗೆ ಬಂದಳು.

"ಹೊರಗೆ ನಡಿ," ಎಂದಳು ರಿಪೆಕಾ.

"ಹೋಗ್ತೀನಿ ಆಂಟಿ. ಹಸಿವಾಗಿತ್ತು, ವಿಮಾನ ತಪ್ಪುತ್ತೆ ಅಂತ ಒತ್ತಿದ್ವಿ. ವಿಚಾರಣೇಲಿ ಹಾಗೇ ಹೇಳ್ತೀನಿ. ಅದನ್ನ ನಿಮಗೆ ಮೊದಲು ಹೇಳೋಣ ಅಂತ ಬಂದೆ."

"ಒಂದು ದಿನ ಉಪವಾಸ ಇದ್ದಿದ್ರೆ ಸಾಯ್ತಿದ್ಯಾ?"

"ಇಲ್ಲ."

"ಚಳಿಗೆ ಸಾಯ್ತಿದ್ಯಾ?"

"ಇಲ್ಲ. ಒಲೆ ಉರೀತಿತ್ತು."

"ಥೂ!"

ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು, "ಏನೇ ತೊಂದರೆ ಆದ್ರೂ ಒತ್ತು ಅಂದಿದ್ರಿ ನೀವು. ಅದನ್ನ ಅಲ್ಲಿ ಹೇಳಲ್ಲ. ತಮ್ಮನ್ನ ಕಳ್ಕೊಂಡಿದೀರಿ. ಅದರ ಮೇಲೆ ಇದೂ ಬೇಡ."

"ನಿನ್ನ ಕರುಣೆ ನನಗೆ ಬೇಕಾಗಿಲ್ಲ. ಹೋಗು."

ಅಂದು ಸಂಜೆ ರಿಪೆಕಾ ಮೊಣಕಾಲೂರಿದಳು. ತಮ್ಮನ ಹೆಸರಿನಾಚೆಗೆ ಪ್ರಾರ್ಥನೆ ಮುಂದೆ ಹೋಗಲಿಲ್ಲ. ದೇವರ ಎದುರು ಬಾಯಿಗೆ ಬಾರದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಬೆಳಗಾದದ್ದೇ ಠಾಣೆಗೆ ನಡೆದಳು.

"ಈಗ್ಯಾಕೆ ಇದೆಲ್ಲ ಆಂಟಿ?" ಎಂದ ಗ್ರೇಮ್. "ಆ ಹುಡುಗಿ ಒಪ್ಕೊಂಡಿದಾಳೆ. ನಿಮ್ಮನ್ನ ಯಾರೂ ಕೇಳ್ತಿಲ್ಲ. ಇದನ್ನ ಕಿರಿ ಎದುರಿಗೇ ಓದ್ತಾರೆ, ಗೊತ್ತಲ್ಲ?"

"ಗೊತ್ತು. ಕಾಗದ ಕೊಡು."

ಕಿರಿಗೆ ತಾನೇ ಹೇಳಬೇಕೆಂದು ಮೂರು ಸಲ ಅವಳ ಮನೆಗೆ ಹೋದಳು. ಮೂರು ಸಲವೂ ಚಹಾ ಕುಡಿದು ಹಿಂದಿರುಗಿದಳು.

ವಿಚಾರಣೆ ಊರಿನ ಸಭಾಭವನದಲ್ಲಿ ನಡೆಯಿತು. ಟ್ಯಾಮ್ಸಿನ್ ತನ್ನ ತಪ್ಪನ್ನು ಒಂದಿಷ್ಟೂ ಮುಚ್ಚಿಡಲಿಲ್ಲ. ಅಂಗಡಿಯ ಹೆಸರನ್ನು ಎತ್ತಲಿಲ್ಲ. ನಂತರ ವಿಚಾರಣಾಧಿಕಾರಿ ರಿಪೆಕಾಳ ಎರಡನೆಯ ಹೇಳಿಕೆಯನ್ನು ಓದತೊಡಗಿದರು. ಅವಳು ಟ್ಯಾಮ್ಸಿನ್‌ಗೆ ಹೇಳಿದ ಮಾತು, ಎಷ್ಟು ದಿನದ ಊಟವಿದೆಯೆಂದಾದರೂ ಕೇಳೆಂದು ರಾವಿರಿ ಅಲ್ಲೇ ಎಚ್ಚರಿಸಿದ್ದು, ವ್ಯಾಪಾರ ತಪ್ಪೀತೆಂದು ಅವಳು ಕಿವಿಗೆ ಹಾಕಿಕೊಳ್ಳದೆ ಹೋದದ್ದು, ಎಲ್ಲವೂ ಅದರಲ್ಲಿತ್ತು.

ಕಿರಿ ಅಷ್ಟು ಹೊತ್ತೂ ರಿಪೆಕಾಳ ಕೈ ಹಿಡಿದಿದ್ದಳು. ಓದು ಮುಗಿಯುವ ಮೊದಲೇ ಆ ಕೈಯನ್ನು ಬಿಟ್ಟಳು. ಚೀಲ ತೆಗೆದುಕೊಂಡು ಎದ್ದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು.

"ಇದು ನಿಮ್ಮದೇ ಹೇಳಿಕೆಯೇ?" ಎಂದು ಅಧಿಕಾರಿ ಕೇಳಿದರು.

ರಿಪೆಕಾ ಎದ್ದಳು. ಬೆಂಚನ್ನು ಹಿಡಿದುಕೊಂಡು ಕೊನೆಯ ಸಾಲಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ನನ್ನದೇ. ಮೊದಲು ಕೊಟ್ಟದ್ದು ಸುಳ್ಳು."