ಒರಳು ಇವಳದು, ಗೂಟ ಅವಳದು

ಸೆಕೆ ಏರಿದಾಗಿನಿಂದ ಜೊಮ್ರೆಯ ಅಣ್ಣ ಹಕ್ಸು ಸರಿಯಾಗಿ ಉಂಡಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿದ್ದ ಮುದುಕ. ಹಗಲೆಲ್ಲ ಜಗಲಿಯ ಹಲಗೆಯ ಮೇಲೆ ಮರದ ದಿಂಬಿಗೆ ತಲೆಯಿಟ್ಟು, ಎದುರಿನ ಗುಡ್ಡದ ಆಲೂಗಡ್ಡೆ ಹೊಲ ನೋಡುತ್ತ ಬಿದ್ದಿರುತ್ತಿದ್ದ. ಜೊಮ್ರೆ ಕೋಳಿ ಬೇಯಿಸಿ ಇಟ್ಟಳು. ಬೆರಳಿನಿಂದ ಬಟ್ಟಲು ದೂಡಿದ. ಎಳ್ಳಿನ ಗಂಜಿ ಮಾಡಿದಳು; ಹಲ್ಲಿಲ್ಲದ ಕೂಸಿಗೆ ಕೊಡು ಅಂದ. ತನ್ನ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂಬುದು ಅವನಿಗೆ ಮರೆತಂತಿತ್ತು. ಮಣಿಕಟ್ಟು ಸೌಟಿನ ಹಿಡಿಯಷ್ಟಾಗಿತ್ತು. ಜೊಮ್ರೆ ಅದನ್ನು ನೋಡಿಯೂ ನೋಡದವಳಂತೆ ಓಡಾಡುತ್ತಿದ್ದಳು.

"ಮತ್ತೇನ್ ತಿಂತೀಯ, ಅದಾದ್ರೂ ಹೇಳು."

"ತಣ್ಣನೆ ಶಾವ್ಗೆ," ಅಂದ ಹಕ್ಸು. "ಅಂಗಡಿ ಪೊಟ್ಟಣದ್ದಲ್ಲ. ಒರಳಲ್ಲಿ ಒತ್ತಿದ್ದು. ಅದಾದ್ರೆ ಗಂಟಲಲ್ಲಿ ಇಳೀತದೇನೋ."

"ಅದೇನ್ ಮಹಾ. ನಾಳೆ ಒತ್ತಿದ್ರಾಯ್ತು."

ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಶಾವಿಗೆಯ ಒರಳು ಅವಳ ಅಟ್ಟದ ಮೇಲಿತ್ತು, ನಿಜ. ಒತ್ತುವ ಗೂಟ ಇದ್ದದ್ದು ಹಳ್ಳದಾಚೆ, ವಾರಗಿತ್ತಿ ಬೊಂಗ್ನಿಮಳ ಮನೆಯಲ್ಲಿ.

ಇದು ಅತ್ತೆಯ ಕಿತಾಪತಿ. ಗಂಡಂದಿರು ಬೇರೆಯಾದ ದಿನ ಆ ಮುದುಕಿ ಮಡಕೆ ಕುಡಿಕೆ ಎಲ್ಲ ಸಮನಾಗಿ ಹಂಚಿ, ಕೊನೆಗೆ ಒರಳನ್ನು ಹಿರಿಸೊಸೆಗೂ ಗೂಟವನ್ನು ಕಿರಿಸೊಸೆಗೂ ಕೊಟ್ಟಿದ್ದಳು. "ಬೇಸಗೇಲಾದ್ರೂ ಒಬ್ರ ಮುಖ ಒಬ್ರು ನೋಡ್ತೀರಿ" ಅಂದಿದ್ದಳಂತೆ. ಗಂಡಂದಿರಿಬ್ಬರೂ ಹೋದರು, ಅತ್ತೆಯೂ ಹೋದಳು. ವಾರಗಿತ್ತಿಯರು ಮುಖ ನೋಡಿಕೊಂಡೇ ಬಂದರು. ನೋಡಿದಾಗೆಲ್ಲ ಮುಖ ಸಿಂಡರಿಸಿದರು. ಹೋದ ಬೇಸಗೆಯಲ್ಲಿ ಅದೂ ನಿಂತಿತ್ತು. ಊರಿನ ಹೆಂಗಸರ ಎದುರಿಗೇ ಬೊಂಗ್ನಿಮ್, "ನಮ್ಮಕ್ಕನ ಶಾವ್ಗೆ ಭಿಕಾರಿಯ ಕಾಲ್ಮರಿ ದಾರದಂಗೆ, ಮುಟ್ಟಿದ್ರೆ ಹರೀತದೆ. ಒಂದು ಹಿಡಿ ಆಲೂಗಡ್ಡೆ ಹಿಟ್ಟು ಹಾಕಿದ್ರೆ ಅವಳ ಗಂಟೇನು ಹೋಗ್ತದೆ" ಅಂದಿದ್ದಳು. ಜೊಮ್ರೆಗೆ ಮೆಮಿಲ್ ಹಿಟ್ಟಿಗೆ ಬೇರೆ ಹಿಟ್ಟು ಬೆರೆಸುವುದೆಂದರೆ ಹಾಲಿಗೆ ನೀರು ಬೆರೆಸಿದಂತೆ. ಆ ಮೂರು ಮೂಲೆಯ ಕರಿಕಾಳನ್ನು ತೌರಿನಲ್ಲಿ ಬೀಸಿ ಬೆಳೆದವಳು ಅವಳು. "ಶಾವ್ಗೆ ಒತ್ತೋದು ನಿನ್ನ ಗೂಟ ಅಲ್ಲ ಕಣೇ, ನಿನ್ನ ಕುಂಡೆ" ಅಂದಳು. ಹೆಂಗಸರು ನಕ್ಕರು. ಬೊಂಗ್ನಿಮ್ ಗೂಟ ಒತ್ತುವ ಸನ್ನೆಗೋಲಿನಿಂದ ಇಳಿದು, ಹಿಟ್ಟು ಅಂಟಿದ್ದ ಗೂಟವನ್ನು ಹಾಗೇ ಕಿತ್ತು ತೊಡೆಯ ಮೇಲೊಮ್ಮೆ ಒರೆಸಿ, ಹಳ್ಳ ದಾಟಿದ್ದಳು. ಅರ್ಧ ಹಿಟ್ಟು ಒರಳಲ್ಲೇ ಉಳಿದಿತ್ತು.

ಅಂಥವಳ ಬಾಗಿಲಿಗೆ ಹೋಗುವುದೆ? ಜೊಮ್ರೆ ಪಕ್ಕದ ಮನೆಯ ಮಾನ್ಗಿಲನನ್ನು ಕರೆದಳು. ಗುದ್ದಲಿಗೆ ಕಾವು ಹಾಕುತ್ತಿದ್ದ ಅವನು ತನ್ನನ್ನು ತಾನು ಬಡಗಿ ಎಂದು ಕರೆದುಕೊಳ್ಳುತ್ತಿದ್ದ. ಊರಲ್ಲಿ ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ.

"ಗೂಟಾನಾ? ಅದೇನ್ ಅರಮನೆ ಕಂಬಾನಾ ಅತ್ತಿಗೆ. ಸಂಜೆಗೆ ತಗೋ."

ಸಂಜೆಗೆ ತಂದ. ಹಸಿ ಪೈನ್ ಮರದ್ದು, ಬೆಳ್ಳಗೆ, ಅಂಟು ಜಿನುಗುತ್ತಿತ್ತು. "ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ," ಅಂದ.

ಮರುದಿನ ಬೆಳಗ್ಗೆ ಒಲೆಯ ಹಂಡೆಯ ಮೇಲೆ ಒರಳನ್ನು ಅಡ್ಡಲಾಗಿ ಕೂರಿಸಿದರು. ತಳದಲ್ಲಿ ತೂತಿನ ತಗಡು, ಕೆಳಗೆ ಕುದಿಯುವ ನೀರು. ಜೊಮ್ರೆ ಬಿಸಿನೀರಿನಲ್ಲಿ ಹಿಟ್ಟು ನಾದಿ, ಮುಷ್ಟಿ ಗಾತ್ರದ ಉಂಡೆ ಮಾಡಿ ಒರಳಿಗೆ ತುರುಕಿದಳು. ಗೂಟವಿಟ್ಟು ಸನ್ನೆಯ ಮೇಲೆ ತಾನೇ ಹತ್ತಿ ಕೂತಳು. ಸನ್ನೆ ಅಲ್ಲಾಡಲಿಲ್ಲ. ಮೇಲೆ ಗುಬ್ಬಿ ಕೂತಂತಾಯಿತು.

"ಇಳಿ ಅತ್ತಿಗೆ, ಇಳಿ. ಇದು ಗಂಡಸರ ಕೆಲ್ಸ," ಎಂದು ಮಾನ್ಗಿಲ್ ಹತ್ತಿದ. ಗೂಟ ಕಿರುಗುಟ್ಟುತ್ತ ಅರ್ಧ ಇಳಿಯಿತು. ನಾಲ್ಕೆಳೆ ಶಾವಿಗೆ ಹಂಡೆಗೆ ಇಣುಕಿದವು. ಅಷ್ಟರಲ್ಲಿ ಆವಿ ಕುಡಿದ ಹಸಿ ಮರ ಊದಿಕೊಂಡು ಕಚ್ಚಿ ನಿಂತುಬಿಟ್ಟಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಮಾನ್ಗಿಲ್ ಕುಣಿದ. ಹಿಟ್ಟು ಕೆಳಗಿಳಿಯುವ ಬದಲು ಗೂಟದ ಸುತ್ತ ಮೇಲಕ್ಕೆ ಉಕ್ಕಿ ಅವನ ಚಡ್ಡಿಗೆ ಮೆತ್ತಿಕೊಂಡಿತು.

"ನಿನ್ನ ಒರಳಿನ ತೂತು ಡೊಂಕು ಅತ್ತಿಗೆ."

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಇಳಿ ಕೆಳಗೆ."

ಜಗಲಿಯ ಮೇಲೆ ಹಕ್ಸು ಎದ್ದು ಕೂತಿದ್ದ. ಎಷ್ಟೋ ದಿನದ ಮೇಲೆ ತಾನಾಗಿ ಎದ್ದು, ಚಾಪ್‌ಸ್ಟಿಕ್ ಕೈಯಲ್ಲಿ ಹಿಡಿದೇ ಕಾಯುತ್ತಿದ್ದ. ಒರಳಿನ ಕಡೆ ನೋಡಿದ, ಹಂಡೆಯಲ್ಲಿ ತೇಲುವ ನಾಲ್ಕೆಳೆ ನೋಡಿದ. ಚಾಪ್‌ಸ್ಟಿಕ್ ಕೆಳಗಿಟ್ಟ.

"ಇರ್ಲಿ ಬಿಡು ಜೊಮ್ರೆ. ಹಸಿವು ಹೋಯ್ತು," ಎಂದು ಗೋಡೆಯತ್ತ ತಿರುಗಿ ಮಲಗಿದ.

ಜೊಮ್ರೆ ಆ ಬೆನ್ನು ನೋಡಿದಳು. ಅಂಗಿಯ ಮೇಲಿನಿಂದಲೇ ಮೂಳೆ ಎಣಿಸಬಹುದಿತ್ತು. ಸುತ್ತಿಗೆಯಿಂದ ಬಡಿದಾದರೂ ಗೂಟವನ್ನು ಕೀಳಲು ಮಾನ್ಗಿಲನಿಗೆ ಹೇಳಿ, ಕೈ ತೊಳೆದು, ತಲೆಗೆ ಬಿಸಿಲ ಟೋಪಿ ಸಿಕ್ಕಿಸಿಕೊಂಡು ಹಳ್ಳದ ಕಡೆ ನಡೆದಳು.

ಬೊಂಗ್ನಿಮ್ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ತಲೆ ಎತ್ತಲಿಲ್ಲ.

"ಸುತ್ತಿಗೆ ಏಟು ಹಳ್ಳದಾಚೆಗೂ ಕೇಳ್ತಿದೆ. ಅಕ್ಕ ಮನೆ ಕಟ್ಟಿಸ್ತಾವಳೇನೋ ಅನ್ಕಂಡೆ."

"ಗೂಟ ಕೊಡು."

"ಗೂಟ ಸಾಕಾ, ಕುಂಡೇನೂ ಬೇಕಾ?"

ಜೊಮ್ರೆ ಬಾಗಿಲಿನಿಂದ ಒಳಗೆ ನೋಡಿದಳು. ಅಡುಗೆಮನೆಯ ಗೋಡೆಯ ಮೇಲೆ ಗೂಟ ತೂಗುತ್ತಿತ್ತು. ಹೋದ ಬೇಸಗೆಯ ಹಿಟ್ಟಿನ ಕುರುಹು ಎಲ್ಲೂ ಇರಲಿಲ್ಲ. ಎಣ್ಣೆ ಉಜ್ಜಿ ಉಜ್ಜಿ ಕರ್ರಗೆ ಮಿಂಚುತ್ತಿತ್ತು. ಯಾರೂ ಶಾವಿಗೆ ಒತ್ತದ ವರ್ಷದಲ್ಲಿ ಅದಕ್ಕೆ ಎಣ್ಣೆ ಯಾಕೆ ಎಂದು ಕೇಳಬೇಕೆನಿಸಿತು. 

"ಎರಡೂ ಬೇಕು," ಅಂದಳು. "ಅಣ್ಣ ಏನೂ ತಿಂತಿಲ್ಲ."

ಬೊಂಗ್ನಿಮಳ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಆಮೇಲೆ ಮೊಣಕಾಲು ಹಿಡಿದು ಎದ್ದಳು.

"ಬರ್ತೀನಿ. ಆದ್ರೆ ಆಲೂಗಡ್ಡೆ ಹಿಟ್ಟು ಹಾಕ್ಬೇಕು. ಹಳೇ ಮೆಮಿಲು ಈ ಸೆಕೇಲಿ ಸತ್ತ ಹೆಣ. ಹೊಸ ಕಾಳು ಬರೋಗಂಟ ಅದಕ್ಕೆ ಊರುಗೋಲು ಬೇಕು."

"ಒಂದು ಹಿಡಿ. ಹೆಚ್ಚಿಲ್ಲ."

"ಯಾರ ಹಿಡಿ?"

"ನಂದು."

"ನಿನ್ನ ಹಿಡೀಲಿ ಇರುವೆಗೂ ಊಟ ಆಗಲ್ಲ. ನಂದು."

ಬೊಂಗ್ನಿಮಳ ಹಿಡಿ ಎಂದರೆ ಸೌಟಿಗೂ ದೊಡ್ಡದು. ಜೊಮ್ರೆ ತಿರುಗಿ ನಡೆದಳು. ಬೊಂಗ್ನಿಮ್ ಅದನ್ನೇ ಒಪ್ಪಿಗೆ ಎಂದು ತಿಳಿದು, ಗೂಟವನ್ನು ಬಗಲಲ್ಲಿ ಇರುಕಿಕೊಂಡು ಹಿಂದೆ ಬಂದಳು.

ಹೊಸದಾಗಿ ಹಿಟ್ಟು ನಾದಿದರು. ಜೊಮ್ರೆ ಮುಖ ಆಚೆ ತಿರುಗಿಸಿಕೊಂಡಾಗ ಬೊಂಗ್ನಿಮ್ ಹಿಡಿ ತುಂಬ ಹಾಕಿದಳು. ಆಮೇಲೆ ಸನ್ನೆಯ ಮೇಲೆ ಮೆಲ್ಲಗೆ, ಕುರ್ಚಿಯಲ್ಲಿ ಕೂರುವವಳಂತೆ ಕೂತಳು. ಹಳೆಯ ಗೂಟ ಸದ್ದಿಲ್ಲದೆ ಇಳಿಯಿತು. ಕಂದು ಎಳೆಗಳು ಒಂದೇ ಸಮನೆ ಕುದಿನೀರಿಗೆ ಬಿದ್ದವು.

"ಕಂಡ್ಯಾ ಮಾನ್ಗಿಲ್, ಗಂಡಸರ ಕೆಲ್ಸ," ಅಂದಳು ಬೊಂಗ್ನಿಮ್. ಮಾನ್ಗಿಲ್ ಚಡ್ಡಿಯ ಹಿಟ್ಟು ಕೆರೆಯುತ್ತ ಮನೆಗೆ ಹೋದ.

ಎಳೆಗಳು ಮೇಲೆದ್ದ ಕೂಡಲೇ ಜೊಮ್ರೆ ಬಿದಿರಿನ ಜಲ್ಲಡಿಯಲ್ಲಿ ಎತ್ತಿ, ಬಾವಿಯ ನೀರಿನಲ್ಲಿ ಕೈ ಮರಗಟ್ಟುವಷ್ಟು ಜಾಲಿಸಿ, ಹಿಂಡಿ, ಬಟ್ಟಲಲ್ಲಿ ಸಿಂಬಿಯಂತೆ ಸುತ್ತಿಟ್ಟಳು. ಫ್ರಿಜ್ಜಿನಿಂದ ಹುಳಿ ಬರಿಸಿದ ಎಳೆ ಮೂಲಂಗಿ ಸೊಪ್ಪಿನ ಕಿಮ್ಚಿ ನೀರು ತೆಗೆದಳು. ಅರ್ಧ ಹೆಪ್ಪುಗಟ್ಟಿ ಚೂರು ಚೂರಾಗಿ ಸದ್ದು ಮಾಡಿತು. ಸುರಿದು, ಮೇಲೆ ಸೌತೆಕಾಯಿ, ಒಂದು ಹನಿ ಅರೆದ ಸಾಸಿವೆ.

"ಅಣ್ಣಾ, ಏಳು."

ಹಕ್ಸು ಗೋಡೆಯಿಂದ ತಿರುಗಿದ. ಮೊದಲು ನೀರು ಹೀರಿದ. ಆಮೇಲೆ ಚಾಪ್‌ಸ್ಟಿಕ್ಕಿಗೆ ಎಳೆ ಸಿಕ್ಕಿಸಿ ಎತ್ತಿದ. ಎತ್ತಿದಷ್ಟೂ ಬಂತು, ಹರಿಯಲಿಲ್ಲ. ಬಾಯಿಗಿಟ್ಟು ಸೊರ್ರನೆ ಎಳೆದ. ವಾರಗಿತ್ತಿಯರಿಬ್ಬರೂ ಅವನ ಗಂಟಲ ಮಣಿ ಮೇಲೆ ಕೆಳಗೆ ಆಡುವುದನ್ನೇ ನೋಡಿದರು. ಬಟ್ಟಲೆತ್ತಿ ತಳದ ಮಂಜಿನ ಚೂರನ್ನೂ ಕಡಿದು ನುಂಗಿ ಕೆಳಗಿಟ್ಟ.

"ಆಲೂಗಡ್ಡೆ ಹಿಟ್ಟು ಹಾಕಿದ್ದೀರ," ಅಂದ. "ನಮ್ಮಮ್ಮ ನೋಡಿದ್ರೆ ಬಟ್ಟಲು ಎಸೀತಿದ್ಲು." ಬಾಯಿ ಒರೆಸಿಕೊಂಡ. "ನಾಳೆ ಒಂಚೂರು ಹೆಚ್ಚಿಗೆ ಒತ್ತಿ."

ಬೊಂಗ್ನಿಮ್ ಗೂಟ ತೊಳೆದು ಬಗಲಿಗೇರಿಸಿಕೊಂಡಳು.

"ಇಲ್ಲೇ ಇಟ್ಟು ಹೋಗು. ದಿನಾ ಹೊತ್ಕೊಂಡು ತಿರುಗ್ಬೇಕಾ?"

"ಇಟ್ರೆ ನಾಳೆ ಮಾನ್ಗಿಲನ್ನ ಕೂರಿಸ್ಕೋತೀಯ."

"ಬಿಸಿಲೇರೋಕೆ ಮುಂಚೆ ಬಾ. ನೀನು ಬೆವ್ರು ಸುರಿಸಿದ್ರೆ ಶಾವ್ಗೆ ಉಪ್ಪಾಗ್ತದೆ."

ಮರುದಿನ ಒಲೆಗೆ ಮೊದಲು ಬಿದ್ದದ್ದು ಮಾನ್ಗಿಲನ ಗೂಟ. ಅಂಟಿನ ಮರ, ಬುಸುಗುಟ್ಟಿ ಚೆನ್ನಾಗಿಯೇ ಉರಿಯಿತು. ಬೊಂಗ್ನಿಮ್ ಇನ್ನೂ ಹಳ್ಳದ ಕಲ್ಲುಗಳ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದಳು. ಜೊಮ್ರೆ ಜಗಲಿಯ ಕಡೆ ಒಮ್ಮೆ ನೋಡಿದಳು. ಅಣ್ಣ ಆಗಲೇ ಎದ್ದು ಕೂತಿದ್ದ. ಅವಳು ಬೋಗುಣಿಗೆ ತನ್ನ ಹಿಡಿಯಲ್ಲಿ ಆಲೂಗಡ್ಡೆ ಹಿಟ್ಟು ಹಾಕಿದಳು. ಅಳೆದು ನೋಡಿ ಇನ್ನೊಂದು ಹಾಕಿದಳು. ಕೊನೆಗೆ ಅದು ಕಾಣದಂತೆ ಮೇಲೆ ಮೆಮಿಲ್ ಹಿಟ್ಟನ್ನು ಹರವಿ ಮುಚ್ಚಿದಳು.